ಕೆಂಪು ಗೆರೆಯ ಕೆಳಗೆ

ಜನವರಿ ೯

ಯಜಮಾನರೇ, ಯಜಮಾನರೇ, ಯಜಮಾನರೇ!

ಮೂರು ಸಲ ಬರೆದದ್ದಕ್ಕೆ ಕಾರಣವೇನೂ ಇಲ್ಲ. ಬರೆಯಲು ಖುಷಿಯಾಗುತ್ತದೆ, ಅಷ್ಟೆ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ಈ ಪದಕ್ಕೆ ಹೊಸ ಬಟ್ಟೆಯ ಗಂಜಿ ವಾಸನೆ ಹಾಗೇ ಇದೆ.

ಸುಖವಾಗಿ ತಲುಪಿದೆ. ಬಾಗಿಲು ತೆಗೆದರೆ ನನ್ನ ರೂಮು ನನ್ನನ್ನು ಗುರುತೇ ಹಿಡಿಯಲಿಲ್ಲ. 'ಏನಮ್ಮಾ, ಹೋಗುವಾಗಲೂ ಒಬ್ಬಳೇ, ಬರುವಾಗಲೂ ಒಬ್ಬಳೇ, ಮದುವೆ ಆಯ್ತು ಅಂದ್ರಲ್ಲ?' ಎಂದು ಕೇಳಿದ ಹಾಗಾಯಿತು. 'ಆಗಿದೆ ಕಣಪ್ಪಾ, ಅವರಿಗೆ ಅಲ್ಲಿ ನೌಕರಿ, ನನಗೆ ಇಲ್ಲಿ ನೌಕರಿ, ಮಧ್ಯೆ ಒಂದಿಡೀ ದಿನದ ರೈಲು' ಎಂದು ಗೋಡೆಗೆ ವಿವರಣೆ ಕೊಟ್ಟೆ. ಗೋಡೆ ಒಪ್ಪಿತೋ ಇಲ್ಲವೋ ಗೊತ್ತಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಫೋನು ಇರುವುದು ಕೆಳಗೆ, ಮನೆಯೊಡತಿ ಅಜ್ಜಿಯ ಹಾಲಿನಲ್ಲಿ. ನಾನು ರಿಸೀವರ್ ಎತ್ತಿದ ಕೂಡಲೇ ಅಜ್ಜಿ ಟಿವಿಯ ಸದ್ದು ಕಡಿಮೆ ಮಾಡುತ್ತಾರೆ. 'ಮಾತಾಡಮ್ಮ, ಮಾತಾಡು, ನನಗೆ ಕಿವಿ ಕೇಳಲ್ಲ' ಎನ್ನುತ್ತಾರೆ. ಮರುದಿನ ನಾನು ಆಡಿದ ಮಾತೆಲ್ಲ ತರಕಾರಿಯವಳ ಬಾಯಲ್ಲಿ ವಾಪಸ್ ಬರುತ್ತದೆ. ಆದ್ದರಿಂದ ಕಾಗದವೇ ಸರಿ. ಕಾಗದದಲ್ಲಿ ನಾನು ಏನು ಬೇಕಾದರೂ ಬರೆಯಬಹುದು. ಉದಾಹರಣೆಗೆ: ನಿಮ್ಮ ಎಡಗಿವಿಯ ಹಿಂದಿನ ಮಚ್ಚೆ ನೆನಪಾಗುತ್ತಿದೆ. ನೋಡಿ, ಬರೆದೇಬಿಟ್ಟೆ!

ಇನ್ನು ನಮ್ಮ ಅಂಕಿಅಂಶ ಇಲಾಖೆಯ ಸುದ್ದಿ. ನನ್ನನ್ನು ಪ್ರಾಂತ್ಯವಾರು ನಿರುದ್ಯೋಗ ದರದ ವಿಭಾಗಕ್ಕೆ ಹಾಕಿದ್ದಾರೆ. ನನ್ನ ಮೇಜಿನ ಎದುರು ಗೋಡೆಯ ತುಂಬ ಒಂದು ಚಾರ್ಟು. ಒಂದೊಂದು ಪ್ರಾಂತ್ಯಕ್ಕೂ ಒಂದೊಂದು ಕಂಬ. ಅಡ್ಡಲಾಗಿ ಒಂದು ಕೆಂಪು ಗೆರೆ, ಅದು ರಾಷ್ಟ್ರೀಯ ಸರಾಸರಿ, ಎಂಟು ಪಾಯಿಂಟ್ ಒಂದು. ನಿಮ್ಮ ಪ್ರಾಂತ್ಯ ಮಾತ್ರ ಹತ್ತು ಪಾಯಿಂಟ್ ನಾಲ್ಕಕ್ಕೆ ಎದ್ದು ನಿಂತಿದೆ, ಸಿನಿಮಾ ಹಾಲಿನಲ್ಲಿ ಮುಂದಿನ ಸೀಟಿಗೆ ಬಂದು ಕೂತ ಉದ್ದನೆಯವನ ತಲೆಯ ಹಾಗೆ! ಅದನ್ನು ನೋಡಿದಾಗಲೆಲ್ಲ ನಿಮ್ಮನ್ನೇ ನೋಡಿದ ಹಾಗಾಗುತ್ತದೆ.

ನಮ್ಮ ಮೇಲಧಿಕಾರಿಗೆ ನಾನಿಟ್ಟ ಹೆಸರು ದಶಮಾಂಶ ಮೇಡಂ. 'ನಾಲ್ಕೋ ಮೂರೋ ಸರಿಯಾಗಿ ಹೇಳು. ಆ ಒಂದರಲ್ಲಿ ಎಷ್ಟು ಮನೆ ಇದೆ ಗೊತ್ತಾ?' ಎಂದು ಬೈಯುತ್ತಾರೆ. ಬೈದಮೇಲೆ ಪೆಪ್ಪರ್‌ಮಿಂಟ್ ಕೊಡುತ್ತಾರೆ.

ಬೇಗ ಬರೆಯಿರಿ. ಉದ್ದ ಬರೆಯಿರಿ. ನಿಮ್ಮ ಆಫೀಸು ಹೇಗಿದೆ, ಯಾರು ಬರುತ್ತಾರೆ, ಮಧ್ಯಾಹ್ನ ಏನು ತಿಂದಿರಿ, ಎಲ್ಲ.

ನಿಮ್ಮ (ಹೌದು, ನಿಮ್ಮ!)
ಪಟಾಕಿ


ಜನವರಿ ೨೧

ಪಟಾಕಿ,

ನಿನ್ನ ಕಾಗದ ಬಂತು. ಲಕೋಟೆ ಒಡೆಯುವ ಮೊದಲೇ ಸದ್ದು ಕೇಳಿಸಿತು.

ಉದ್ದ ಬರೆಯುವುದು ನನಗೆ ಬಾರದು, ನಿನಗೆ ಗೊತ್ತು. ಆದರೂ ಆಫೀಸಿನ ಬಗ್ಗೆ ಕೇಳಿದ್ದೀಯ, ಹೇಳುತ್ತೇನೆ. ಉದ್ಯೋಗ ಕಚೇರಿ ಎಂದರೆ ಏನೋ ದೊಡ್ಡದು ಅಂದುಕೊಳ್ಳಬೇಡ. ಮುಚ್ಚಿದ ಬಾಟಲಿ ಕಾರ್ಖಾನೆಯ ಗೇಟಿನ ಪಕ್ಕ ಹಿಂದೆ ಕಾವಲಿನವರಿಗೆಂದು ಕಟ್ಟಿದ್ದ ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಕಪಾಟುಗಳು. ಕಪಾಟುಗಳೇ ನನಗಿಂತ ಆರಾಮಾಗಿವೆ.

ಸೋಮವಾರ ಮಾತ್ರ ಇಲ್ಲಿ ಜನ. ಕೆಲಸ ಬೇಕೆನ್ನುವವರು ಪ್ರತಿ ಸೋಮವಾರ ಬಂದು ತಮ್ಮ ಕಾರ್ಡಿಗೆ ಠಸ್ಸೆ ಹಾಕಿಸಿಕೊಳ್ಳಬೇಕು, ಹಳೆಯ ನಿಯಮ. ಸಾಲು ಗೇಟು ದಾಟಿ ಸೇತುವೆಯವರೆಗೆ ಹೋಗುತ್ತದೆ. ಎಲ್ಲರೂ ಕಾರ್ಖಾನೆಯ ಕಡೆ ಬೆನ್ನು ಮಾಡಿಯೇ ನಿಲ್ಲುತ್ತಾರೆ, ಯಾರೂ ಹೇಳಿಕೊಟ್ಟಿಲ್ಲ. ನಾನು ಕಾರ್ಡು ತೆಗೆದುಕೊಳ್ಳುತ್ತೇನೆ, ಠಸ್ಸೆ ಒತ್ತುತ್ತೇನೆ, ವಾಪಸ್ ಕೊಡುತ್ತೇನೆ. ಕೆಲಸ ಕೊಡಿಸಿದ್ದು ಇಷ್ಟು ದಿನದಲ್ಲಿ ಬೆರಳೆಣಿಕೆ.

ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುವವರು ಒಬ್ಬರಿದ್ದಾರೆ. ಗಾಜು ಕರಗಿಸುವ ಕುಲುಮೆಯ ಮುಂದೆ ಆಯಸ್ಸು ಕಳೆದವರು; ಎಲ್ಲರೂ ಕುಲುಮೆಯಣ್ಣ ಎನ್ನುತ್ತಾರೆ. ಮಂಡಿ ನೋವು. ಸೇತುವೆಯಾಚೆಯಿಂದ ಕುಂಟುತ್ತಾ ಬರುತ್ತಾರೆ. ಹಿಂದೆ ನಿಂತವರು ತಮಾಷೆಗೆ ಕೇಳುತ್ತಾರೆ:

'ಏನಣ್ಣಾ, ಠಸ್ಸೆ ಬಿತ್ತಾ?'

'ಬಿತ್ತು.'

'ಕೆಲಸ?'

'ಅದು ಇನ್ನೂ ಮೇಲೇ ಇದೆ. ಬಿದ್ದರೆ ನಿನ್ನ ತಲೆ ಮೇಲೇ ಬೀಳ್ಲಿ, ನನಗೆ ಹಿಡಿಯೋಕೆ ಮಂಡಿ ಬಗ್ಗಲ್ಲ.'

ಎಲ್ಲರೂ ನಗುತ್ತಾರೆ. ನಾನು ತಲೆ ಎತ್ತದೆ ಮುಂದಿನ ಕಾರ್ಡು ತೆಗೆದುಕೊಳ್ಳುತ್ತೇನೆ.

ಮಧ್ಯಾಹ್ನ ಅನ್ನ ಸಾರು. ಮಚ್ಚೆ ಇದ್ದಲ್ಲೇ ಇದೆ.

ನಿನ್ನವನು


ಜನವರಿ ೩೦

ನನ್ನ ಅಲ್ಪಾಕ್ಷರಿ ಯಜಮಾನರೇ,

ನಿಮ್ಮ ಕಾಗದವನ್ನು ಬಸ್‌ ಸ್ಟಾಪಿನಲ್ಲಿ ನಿಂತು ಓದಿದೆ. ಮಚ್ಚೆಯ ವಾಕ್ಯಕ್ಕೆ ಜೋರಾಗಿ ನಕ್ಕೆ, ಕುಲುಮೆಯಣ್ಣನ ಮಂಡಿಗೆ ಅತ್ತೆ, ಪಕ್ಕದಲ್ಲಿದ್ದ ಹೆಂಗಸು ನನ್ನಿಂದ ಎರಡು ಹೆಜ್ಜೆ ದೂರ ಸರಿದಳು.

ಆಮೇಲೆ ಕೋಪ ಬಂತು. ರೀ, ಕೆಲಸ ಸಿಕ್ಕಿದ್ದು ಬೆರಳೆಣಿಕೆ ಎಂದು ನೀವೇ ಬರೆದಿದ್ದೀರಿ. ಮತ್ತೆ ಯಾಕೆ ಆ ವಯಸ್ಸಾದವರನ್ನು ವಾರವಾರ ಬಿಸಿಲಲ್ಲಿ ನಿಲ್ಲಿಸುವುದು? ನನಗೊಂದು ಐಡಿಯಾ ಬಂದಿದೆ. (ನನ್ನ ಐಡಿಯಾಗಳೆಲ್ಲ ಒಳ್ಳೆಯವೇ. ನಿಮ್ಮನ್ನು ಮದುವೆಯಾದದ್ದೂ ನನ್ನದೇ ಐಡಿಯಾ.) 'ನೀವು ಬರಬೇಡಿ, ಮನೆಯಲ್ಲಿರಿ, ಕೆಲಸ ಬಂದ ದಿನ ನಾನೇ ಹೇಳಿ ಕಳಿಸುತ್ತೇನೆ' ಎಂದುಬಿಡಿ! ಕಾರ್ಡುಗಳನ್ನು ನೀವೇ ಇಟ್ಟುಕೊಂಡು ಠಸ್ಸೆ ಒತ್ತಿಕೊಳ್ಳಿ. ನಿಯಮವೂ ಉಳಿಯಿತು, ಮಂಡಿಯೂ ಉಳಿಯಿತು. ಮಾಡುತ್ತೀರಲ್ಲ? ನನಗೋಸ್ಕರ?

ಭಾನುವಾರ ಒಬ್ಬಳೇ ಸಿನಿಮಾಕ್ಕೆ ಹೋಗಿದ್ದೆ. ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟಿದ್ದೆ. ಯಾರೋ ಬಂದು 'ಇಲ್ಲಿ ಯಾರಾದ್ರೂ ಇದ್ದಾರಾ?' ಎಂದರು. 'ಇದ್ದಾರೆ' ಎಂದೆ. ಬ್ಯಾಗು ಸಿನಿಮಾ ಪೂರ್ತಿ ನೋಡಿತು. ಬಹಳ ಒಳ್ಳೆಯ ಬ್ಯಾಗು, ನಡುವೆ ಒಂದು ಮಾತೂ ಆಡಲಿಲ್ಲ, ಥೇಟ್ ನಿಮ್ಮ ಹಾಗೆ.

ಪಟಾಕಿ


ಫೆಬ್ರವರಿ ೨೨

ಪಟಾಕಿ,

ನೀನು ಹೇಳಿದಂತೆ ಮಾಡಿದೆ.

ಮೊದಲ ಸೋಮವಾರ ಯಾರೂ ನಂಬಲಿಲ್ಲ. 'ನಮ್ಮ ಹೆಸರು ಹೊಡೆದು ಹಾಕೋ ಉಪಾಯ ಇದು' ಎಂದು ಒಬ್ಬ ಗಲಾಟೆ ಮಾಡಿದ. ಕುಲುಮೆಯಣ್ಣನೇ ಅವನನ್ನು ಸುಮ್ಮನಾಗಿಸಿದರು: 'ಲೋ, ಹೊಸ ಮದುವೆ ಹುಡುಗ, ಮನಸ್ಸು ಮೆತ್ತಗಿದೆ. ಹಳಸೋದ್ರೊಳಗೆ ಉಪಯೋಗಿಸ್ಕೋ.' ಹೋಗುವಾಗ ನನ್ನ ಕೈ ಹಿಡಿದುಕೊಂಡರು.

ಪ್ರಾಂತ್ಯದ ಮೇಲಧಿಕಾರಿಗಳು ತಪಾಸಣೆಗೆ ಬಂದವರು ಖಾಲಿ ಅಂಗಳ ನೋಡಿ ಮೆಚ್ಚಿಕೊಂಡರು. ಸಾಲು ಇಲ್ಲ, ಗದ್ದಲ ಇಲ್ಲ. ಎಲ್ಲ ಶಾಖೆಗಳಲ್ಲೂ ಹೀಗೇ ಮಾಡಿ ಎಂದು ಸುತ್ತೋಲೆ ಕಳಿಸಿದ್ದಾರೆ. ನಿನ್ನ ಐಡಿಯಾ ಈಗ ಇಡೀ ಪ್ರಾಂತ್ಯದ ಆದೇಶ. ಬೀಗಬೇಡ.

ಸೋಮವಾರ ಈಗ ಭಾನುವಾರದ ಹಾಗಿದೆ. ಮಾತಾಡಲು ಯಾರೂ ಇಲ್ಲದ್ದರಿಂದ ಠಸ್ಸೆಯ ಸದ್ದೇ ದೊಡ್ಡದಾಗಿ ಕೇಳಿಸುತ್ತದೆ.

ಇನ್ನೊಂದು ಸಂಗತಿ. ಈ ಕಚೇರಿ ಮುಂದಿನ ವರ್ಷಕ್ಕೂ ಮುಂದುವರಿದರೆ ನನ್ನನ್ನು ಖಾಯಂ ಮಾಡುತ್ತಾರೆ. ಖಾಯಂ ಆದವರಿಗೆ, ಸಂಸಾರ ಇದ್ದರೆ, ಕ್ವಾರ್ಟರ್ಸ್. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ನೀರಿನ ತೊಟ್ಟಿ. ಆಗಸ್ಟಿನಲ್ಲಿ ಸಿಗಬಹುದು. ಹೋಗಿ ಹೊರಗಿನಿಂದ ನೋಡಿ ಬಂದೆ. ಆಗ ನೀನು ಇಲ್ಲಿಗೆ ಬರಬಹುದು. ಮುಂದುವರಿಯುವುದಕ್ಕೆ ಕೆಲವು ಷರತ್ತುಗಳಿವೆ. ಅವು ನಿನಗೆ ಬೇಡ.

ನಿನ್ನವನು


ಏಪ್ರಿಲ್ ೧೦

ಸಾಹೇಬರೇ!!

ಕೂತಿದ್ದೀರಾ? ಕೂತುಕೊಳ್ಳಿ. ಒಂದು ವಿಷಯ ಇದೆ, ಆದರೆ ಹೇಳುವ ಹಾಗಿಲ್ಲ. ಪ್ರಕಟವಾಗುವವರೆಗೆ ಬಾಯಿಗೆ ಬೀಗ ಎಂದು ನಾವೆಲ್ಲ ಸಹಿ ಹಾಕಿದ್ದೇವೆ. ಆದ್ದರಿಂದ ನಾನು ಏನೂ ಹೇಳುತ್ತಿಲ್ಲ. ಮೊದಲ ತ್ರೈಮಾಸಿಕದ ಬಗ್ಗೆಯಂತೂ ಖಂಡಿತ ಹೇಳುತ್ತಿಲ್ಲ. ಸುಮ್ಮನೆ ಒಂದು ಕಥೆ ಹೇಳುತ್ತೇನೆ: ಸಿನಿಮಾ ಹಾಲಿನಲ್ಲಿ ಮುಂದೆ ಕೂತಿದ್ದ ಉದ್ದನೆಯವನು ಇದ್ದಕ್ಕಿದ್ದ ಹಾಗೆ ತಲೆ ತಗ್ಗಿಸಿದ. ಎಷ್ಟು ತಗ್ಗಿಸಿದ ಎಂದರೆ ಕೆಂಪು ಗೆರೆಯ ಕೆಳಗೇ ಇಳಿದುಬಿಟ್ಟ!

ಸಿಹಿ ತಂದು ಎಲ್ಲರಿಗೂ ಹಂಚಿ, ಕುಲುಮೆಯಣ್ಣನಿಗೆ ಎರಡು ಕೊಡಿ. ರೀ, ಯಾರು ಏನೇ ಹೇಳಲಿ, ಇದು ನೀವು ಮಾಡಿದ್ದು. ಆ ಗೇಟಿನ ಪಕ್ಕದ ಕೋಣೆಯಲ್ಲಿ ಕೂತು, ಒಂದೊಂದು ಕಾರ್ಡು ಹಿಡಿದು, ಅಷ್ಟೊಂದು ಜನಕ್ಕೆ ಕೆಲಸ ಹುಡುಕಿಕೊಟ್ಟಿದ್ದೀರಿ, ನನಗೆ ಒಂದು ಮಾತೂ ಹೇಳಿಲ್ಲ! ಜಂಬವೇ ಇಲ್ಲದ ಗಂಡನನ್ನು ಕಟ್ಟಿಕೊಂಡರೆ ಹೆಂಡತಿಯೇ ಎರಡರಷ್ಟು ಜಂಬ ಪಡಬೇಕಾಗುತ್ತದೆ. ಪಡುತ್ತಿದ್ದೇನೆ.

ರಾಜೀನಾಮೆ ಪತ್ರ ಬರೆದಿಟ್ಟಿದ್ದೇನೆ. ನೀವು 'ಹೂಂ' ಎಂದರೆ ಕೊಡುವುದೊಂದೇ ಬಾಕಿ. ನಾಳೆ ಕರ್ಟನ್ ಬಟ್ಟೆ ತರುತ್ತೇನೆ, ನೀಲಿ. ಕ್ವಾರ್ಟರ್ಸಿನ ಕಿಟಕಿ ಅಳತೆ ಕಳಿಸಿ!

ಪಟಾಕಿ, ಪಟಾಕಿ, ಪಟಾಕಿ


ಏಪ್ರಿಲ್ ೧೯

ಪಟಾಕಿ,

ಸಂತೋಷ.

ಇಂಥ ವಿಷಯ ಕಾಗದದಲ್ಲಿ ಬರೆಯಬೇಡ, ನಿನ್ನ ನೌಕರಿಗೆ ತೊಂದರೆ. ರಾಜೀನಾಮೆ ಈಗ ಕೊಡಬೇಡ. ಕ್ವಾರ್ಟರ್ಸಿನ ಗೋಡೆಗೆ ತೇವ ಹಿಡಿದಿದೆ ಎಂದು ಹೇಳುತ್ತಿದ್ದಾರೆ. ನೋಡೋಣ.

ಆರೋಗ್ಯ ನೋಡಿಕೋ.

ನಿನ್ನವನು


ಮೇ ೬

ಪ್ರಿಯರೇ,

ದರ ಪ್ರಕಟವಾಯಿತು. ಏಳು ಪಾಯಿಂಟ್ ಆರು. ರಾಷ್ಟ್ರೀಯ ಸರಾಸರಿ ಎಂಟರ ಮೇಲೇ ಇದೆ. ಪತ್ರಿಕೆಯವರು ನಿಮ್ಮ ಪ್ರಾಂತ್ಯವನ್ನು ಹೊತ್ತುಕೊಂಡು ಕುಣಿಯುತ್ತಿದ್ದಾರೆ. ಒಂದು ಪತ್ರಿಕೆಯಲ್ಲಿ ಬಾಟಲಿ ಕಾರ್ಖಾನೆಯ ಗೇಟಿನ ಚಿತ್ರ ಹಾಕಿ 'ಈಗ ಇಲ್ಲಿ ಸಾಲುಗಳಿಲ್ಲ' ಎಂದು ಬರೆದಿದ್ದಾರೆ. ಚಿತ್ರದ ಮೂಲೆಯಲ್ಲಿ ಒಂದು ಕಿಟಕಿ ಕಾಣುತ್ತದೆ. ಅದರೊಳಗೆ ನೀವಿರಬಹುದು ಎಂದು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಬರೀ ಚುಕ್ಕೆಗಳು.

ಇಲಾಖೆಯಲ್ಲಿ ಎಲ್ಲರೂ 'ನಿಮ್ಮೋರ ಊರು ಗೆದ್ದುಬಿಡ್ತಲ್ರೀ' ಎಂದರು. ನಾನು ನಕ್ಕೆ. ಒಳಗೆ ನಿಮ್ಮ 'ಸಂತೋಷ' ಎಂಬ ಒಂದೇ ಪದ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತುತ್ತಿತ್ತು.

ಒಂದು ಕೇಳಲೇ? ಗೋಡೆಗೆ ತೇವ ಹಿಡಿದಿದ್ದರೆ ಸುಣ್ಣ ಬಳಿಯುತ್ತಾರೆ. ಹೆಂಡತಿ ಬರುವುದನ್ನು ನಿಲ್ಲಿಸುವುದಿಲ್ಲ. ನಾನು ಬರುವುದು ನಿಮಗೆ ಬೇಡವೇ? ನಾನು ಜಾಸ್ತಿ ಮಾತಾಡುತ್ತೇನೆ ಎಂದೇ? ಮದುವೆಯ ಮನೆಯಲ್ಲಿ ನಿಮ್ಮ ಅತ್ತಿಗೆ 'ಇವಳ ಬಾಯಿಗೆ ಬಾಗಿಲಿಲ್ಲ, ನಮ್ಮ ಮೈದುನನಿಗೆ ಕಿವಿಗೆ ಹತ್ತಿ ಬೇಕು' ಎಂದಾಗ ನೀವೂ ನಕ್ಕಿದ್ದಿರಿ. ಆಗ ಅದು ತಮಾಷೆ ಎಂದುಕೊಂಡಿದ್ದೆ.

ಕರ್ಟನ್ ಬಟ್ಟೆ ತಂದೆ. ಅಳತೆ ಇಲ್ಲದೆ ಹೊಲಿಯಲಾಗದು.

ನಿಮ್ಮವಳು


ಮೇ ೨೪

ರೀ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ನಾನು ಕಳೆದ ಕಾಗದದಲ್ಲಿ ಬರೆದದ್ದನ್ನೆಲ್ಲ ಬಿಡಿ. ಬೇರೆ ವಿಷಯ.

ನಿಮ್ಮ ಪ್ರಾಂತ್ಯದ ಹೊಗಳಿಕೆ ಕೇಳಿ ಕೇಳಿ, ನನ್ನ ಗಂಡ ಎಷ್ಟು ಜನಕ್ಕೆ ಕೆಲಸ ಕೊಡಿಸಿದ ಎಂದು ಲೆಕ್ಕ ತೆಗೆಯುವ ಆಸೆಯಾಯಿತು. ಕೆಲಸದಲ್ಲಿರುವವರ ಸಂಖ್ಯೆ ನೋಡಿದೆ. ಅದು ಒಂದಿಷ್ಟೂ ಏರಿಲ್ಲ. ಮತ್ತೆ ನೋಡಿದೆ. ಇಲ್ಲ. ನಿರುದ್ಯೋಗಿಗಳು ಕಡಿಮೆಯಾಗಿದ್ದಾರೆ, ಉದ್ಯೋಗಿಗಳು ಹೆಚ್ಚಾಗಿಲ್ಲ. ದಶಮಾಂಶ ಮೇಡಂ ಹತ್ತಿರ ಹೋದೆ.

'ಮೇಡಂ, ಇಷ್ಟು ಜನ ಎಲ್ಲಿಗೆ ಹೋದ್ರು?'

'ಎಲ್ಲಿಗೂ ಹೋಗಿಲ್ಲ ಕಣೇ. ಅವರವರ ಮನೇಲೇ ಇದ್ದಾರೆ.'

'ಮತ್ತೆ ಯಾಕೆ ಲೆಕ್ಕದಲ್ಲಿಲ್ಲ?'

'ಮನೆಮನೆಗೆ ಹೋಗೋ ಸಮೀಕ್ಷೆಯವರು ಏನು ಕೇಳ್ತಾರೆ ಹೇಳು. ಕಳೆದ ನಾಲ್ಕು ವಾರದಲ್ಲಿ ಕೆಲಸ ಹುಡುಕಿದ್ರಾ? ಹೌದು ಅಂದ್ರೆ ನಿರುದ್ಯೋಗಿ. ಇಲ್ಲ ಅಂದ್ರೆ ಅವನು ನಮಗೆ ಸೇರಿದವನೇ ಅಲ್ಲ. ಮೊದಲು ಅಲ್ಲಿಯವರು ವಾರವಾರ ಹೋಗಿ ಠಸ್ಸೆ ಹಾಕಿಸ್ಕೋತಿದ್ರು, ಅದೇ ಹುಡುಕಾಟ ಅಂತ ಹೇಳ್ತಿದ್ರು. ಈ ಸಲ ಅಲ್ಲಿ ಠಸ್ಸೆ ಪದ್ಧತಿ ಬದಲಾಗಿದೆಯಂತೆ. ಯಾರೋ ಮಹಾನುಭಾವರು ಬರಬೇಡಿ ಅಂದಿದ್ದಾರೆ.'

ರೀ, ಈ ವಿಭಾಗದಲ್ಲಿ ಕೂತು ಆ ಪ್ರಶ್ನೆಯನ್ನು ದಿನಾ ನೋಡುತ್ತೇನೆ. ಕಾಗದ ಬರೆಯುವಾಗ ನನಗೆ ಅದು ಹೊಳೆಯಲೇ ಇಲ್ಲ. ನನಗೆ ಕಂಡದ್ದು ಒಂದು ಮಂಡಿ ಮಾತ್ರ.

ನಿಮ್ಮ 'ಸಂತೋಷ'ದ ಅರ್ಥ ಈಗ ಅರ್ಧ ತಿಳಿಯಿತು. ಉಳಿದರ್ಧ ನೀವೇ ಹೇಳಿ. ಏನೋ ಮುಚ್ಚಿಟ್ಟಿದ್ದೀರಿ.

ನಿಮ್ಮವಳು


ಜೂನ್ ೩

ಪಟಾಕಿ,

ಎರಡೂ ಕಾಗದ ಮುಂದಿಟ್ಟುಕೊಂಡಿದ್ದೇನೆ. ಮೊದಲು ಒಂದು ಮಾತು: ಅತ್ತಿಗೆ ಹಾಗೆಂದಾಗ ನಾನು ನಕ್ಕದ್ದು ನಿಜ. ಇನ್ನು ಮೇಲೆ ನಮ್ಮ ಮನೆಯಲ್ಲಿ ಸದ್ದಿರುತ್ತದೆ ಎಂಬ ಖುಷಿಗೆ ನಕ್ಕೆ. ಅದನ್ನು ಆಗಲೇ ಹೇಳಬೇಕಿತ್ತು.

ಉಳಿದರ್ಧ ಇದು. ನಮ್ಮದು ವಿಶೇಷ ಕಚೇರಿ. ಪ್ರಾಂತ್ಯದ ದರ ರಾಷ್ಟ್ರೀಯ ಸರಾಸರಿಗಿಂತ ಮೇಲಿರುವವರೆಗೆ ಮಾತ್ರ ಇದು ಇರುತ್ತದೆ. ಸತತ ಎರಡು ತ್ರೈಮಾಸಿಕ ಕೆಳಗಿಳಿದರೆ ಇದರ ಅಗತ್ಯ ಮುಗಿಯಿತು ಎಂದು ಮುಚ್ಚುತ್ತಾರೆ. ಅದೇ ಆ ಷರತ್ತು. ಆ ಲೆಕ್ಕ ಮಾಡುವವಳು ನೀನು. ನಿನ್ನ ಪೆನ್ನಿನ ತುದಿಯಲ್ಲಿ ನಮ್ಮ ಮನೆ ಇದೆ ಎಂದು ತಿಳಿದರೆ ನಿನ್ನ ಕೈ ನಡುಗುತ್ತದೆ ಎಂದು ಹೇಳಲಿಲ್ಲ.

ಮೇಲಿನವರೂ ಹೆದರಿದ್ದಾರೆ. 'ಮತ್ತೆ ಪ್ರತಿ ಸೋಮವಾರ ಎಲ್ಲರನ್ನೂ ಬರಹೇಳಿ' ಎಂದು ಹೊಸ ಸುತ್ತೋಲೆ ಬಂತು. ಸಮೀಕ್ಷೆಗೆ ಮುಂಚೆ ಸಾಲು ಆಗಬೇಕು. ಮನೆಮನೆಗೆ ಹೋದೆ. ಕೆಲವು ಬಾಗಿಲಿಗೆ ಬೀಗ, ಬೇರೆ ಊರುಗಳಿಗೆ ಹೋಗಿದ್ದಾರೆ. ಕೆಲವರು ಸರಿ ಎಂದರು. ಬಂದರು ಕೂಡ, ಒಂದು ಸೋಮವಾರ. ಸಾಲು ಗೇಟಿನ ತನಕವೂ ಮುಟ್ಟಲಿಲ್ಲ.

ಕುಲುಮೆಯಣ್ಣ ಬಂದಿರಲಿಲ್ಲ. ಮನೆಗೆ ಹೋದೆ. ಜಗುಲಿಯ ಮೇಲೆ ಕೂತಿದ್ದರು. ಮೈ ತುಂಬಿಕೊಂಡಿದೆ, ಮುಖ ಸಪಾಟಾಗಿದೆ. ನಾನು ಕಲಿತಿದ್ದ ಮಾತು ಒಪ್ಪಿಸಿದೆ: ವಾರವಾರ ಬಂದರೆ ನಿಮಗೇ ಒಳ್ಳೆಯದು.

ಅವರು ಹೇಳಿದರು: 'ಸಾಹೇಬ್ರೇ, ಕಾರ್ಖಾನೆ ಮುಚ್ಚಿದಾಗಿಂದ ಭಾನುವಾರ ಬಂತು ಅಂದ್ರೆ ನನಗೆ ನಿದ್ದೆ ಇರ್ಲಿಲ್ಲ. ನಾಳೆ ಏನಾದ್ರೂ ಸಿಕ್ಕೀತು ಅಂತ. ನೀವು ಬರಬೇಡಿ ಅಂದ್ಮೇಲೆ ನಿದ್ದೆ ಬರ್ತಿದೆ. ಮತ್ತೆ ಎಬ್ಬಿಸ್ಬೇಡಿ.'

ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರ ಹೆಂಡತಿ ಹೊರಗೆ ಬಂದರು. 'ನಿನಗೋಸ್ಕರ ಆದ್ರೆ ಹೇಳಪ್ಪಾ, ಕಳಿಸ್ತೀನಿ. ಕುಂಟ್ಕೊಂಡಾದ್ರೂ ಬರ್ತಾರೆ. ನಮಗೋಸ್ಕರ ಅಂತ ಮಾತ್ರ ಹೇಳ್ಬೇಡ' ಎಂದರು.

ನನಗೋಸ್ಕರ ಎನ್ನುವ ಮಾತು ಗಂಟಲ ತನಕ ಬಂದಿತ್ತು. ಹಿಂದೆಯೇ ನೀನೂ ಬಂದಿದ್ದೆ, ನೀಲಿ ಬಟ್ಟೆ ಹಿಡಿದುಕೊಂಡು. ಅತ್ತ ದರಿ, ಇತ್ತ ಪುಲಿ. 'ಬೇಡಮ್ಮ, ಮಲಗಲಿ' ಎಂದು ಬಂದುಬಿಟ್ಟೆ. ಆಮೇಲೆ ಉಳಿದ ಮನೆಗಳಿಗೆ ಹೋಗಲಿಲ್ಲ.

ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ. ನೀನು ಹೇಳು.

ನಿನ್ನವನು


ಜೂನ್ ೧೧

ರೀ,

ಗೊತ್ತಿಲ್ಲ. ನನಗೂ ಗೊತ್ತಿಲ್ಲ.

ಮೊದಲು ಕೋಪ ಬಂತು. ಒಂದು ಮಾತು, ಒಂದೇ ಮಾತು ಹೇಳಿದ್ದರೆ ಅವರು ಬರುತ್ತಿದ್ದರು, ಅವರನ್ನು ನೋಡಿ ಹತ್ತು ಜನ ಬರುತ್ತಿದ್ದರು. ನೀವು ಅವರ ನಿದ್ದೆ ಉಳಿಸಿದಿರಿ, ನಮ್ಮ ಮನೆ ಬಿಟ್ಟುಕೊಟ್ಟಿರಿ. ಆಮೇಲೆ ಯೋಚಿಸಿದೆ: ಅವರನ್ನು ಮೊದಲು ಮನೆಗೆ ಕಳಿಸಿದವಳೇ ನಾನು. ಯಾವ ಮುಖದಲ್ಲಿ ಕೋಪ ಮಾಡಲಿ? ಕೋಪ ಎರಡು ಸುತ್ತು ತಿರುಗಿ ನನ್ನ ಹತ್ತಿರವೇ ಬಂದು ಕೂತಿತು.

ಕಚೇರಿ ಹೋದರೆ ಹೋಗಲಿ. ಇಲ್ಲಿಗೆ ಬನ್ನಿ. ರೂಮು ಚಿಕ್ಕದು, ಇಬ್ಬರು ಒಟ್ಟಿಗೆ ನಿಂತರೆ ಒಬ್ಬರು ಮಂಚದ ಮೇಲೆ ಹತ್ತಬೇಕು. ನಾನು ಹತ್ತುತ್ತೇನೆ. ಅಜ್ಜಿಗೆ ಹೇಳಿದ್ದೇನೆ. 'ಬರ್ಲಿ ಬಿಡು, ನಲ್ಲಿ ರಿಪೇರಿ ಗೊತ್ತಾ ಅವನಿಗೆ?' ಎಂದರು.

ಬರುತ್ತೀರಲ್ಲ?

ನಿಮ್ಮವಳು


ಜುಲೈ ೯

ರೀ,

ಅಂಚೆಯವನು ಈಗ ನನ್ನನ್ನು ನೋಡಿದರೆ ದೂರದಿಂದಲೇ ಕೈ ಆಡಿಸುತ್ತಾನೆ, ಇಲ್ಲ ಎಂದು. ಪಾಪ, ತಪ್ಪು ಅವನದೇ ಎನ್ನುವ ಹಾಗೆ ಮುಖ ಮಾಡುತ್ತಾನೆ. ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಅಜ್ಜಿ ಟಿವಿಯ ಸದ್ದು ಕಡಿಮೆ ಮಾಡಿ ಕಾದರು. ಆಮೇಲೆ ಅವರೇ ಎದ್ದು ಬಂದು ರಿಸೀವರ್ ನನ್ನ ಕೈಯಿಂದ ತೆಗೆದು ಇಟ್ಟರು. ಏನೂ ಹೇಳಲಿಲ್ಲ, ಅಜ್ಜಿ ಕೂಡ!

ಎರಡನೆಯ ತ್ರೈಮಾಸಿಕದ ಕೆಲಸ ನಡೆಯುತ್ತಿದೆ. ಈ ಸಲ ನಾನು ಯಾವ ಕಥೆಯನ್ನೂ ಹೇಳುವುದಿಲ್ಲ.

ಒಂದು ಸಾಲು ಬರೆಯಿರಿ. ಊಟವಾಯಿತು ಎಂದಾದರೂ ಬರೆಯಿರಿ.


ಜುಲೈ ೩೦

ರೀ,

ನಾಳೆ ಪ್ರಕಟವಾಗುತ್ತದೆ. ನಿಮ್ಮ ಪ್ರಾಂತ್ಯದ ಅಂಕಿಯನ್ನು ನಾನೇ ಬರೆದೆ. ಕೈ ನಡುಗಲಿಲ್ಲ. ಅಷ್ಟೇ ಹೇಳಬಲ್ಲೆ.


ಆಗಸ್ಟ್ ೧೪

ಪಟಾಕಿ,

ಬಹಳ ದಿನವಾಯಿತು. ಕ್ಷಮಿಸು. ಬರೆಯಲು ಕೂತರೆ 'ಏನಾಗುತ್ತದೋ ಇನ್ನೂ ಗೊತ್ತಿಲ್ಲ' ಎಂಬುದರ ಆಚೆ ಏನೂ ಬರುತ್ತಿರಲಿಲ್ಲ.

ಅಂಕಿ ಪ್ರಕಟವಾದ ಮರುದಿನವೇ ಕಚೇರಿ ಮುಚ್ಚಿತು. ಕಪಾಟುಗಳನ್ನು ಲಾರಿಯಲ್ಲಿ ಒಯ್ದರು. ಅಭಿನಂದನೆಯ ಪತ್ರವೂ ಬಂತು: ಪ್ರಾಂತ್ಯದ ನಿರುದ್ಯೋಗವನ್ನು ಸರಾಸರಿಗಿಂತ ಕೆಳಗಿಳಿಸಿದ್ದಕ್ಕೆ. ಈಗ ಸೇತುವೆಯ ಈಚೆ ಒಂದು ಬಾಡಿಗೆ ಕೋಣೆಯಲ್ಲಿದ್ದೇನೆ. ಕೆಳಗೆ ಸೈಕಲ್ ಅಂಗಡಿ.

ನಿನ್ನೆ ಬಾಗಿಲು ತಟ್ಟಿದ ಸದ್ದಾಯಿತು. ಯಾರೂ ತಟ್ಟದೆ ಎಷ್ಟು ದಿನವಾಗಿತ್ತೆಂದರೆ ಅಂಗಿ ಹಾಕಿಕೊಳ್ಳುವುದನ್ನೂ ಮರೆತು ತೆಗೆದೆ. ಸಮೀಕ್ಷೆಯ ಹುಡುಗಿ. ಹೊಸಬಳು. ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ನಿಜ ಹೇಳಲೇ, ಯಾರೋ ಬಂದರಲ್ಲ ಎಂದು ಖುಷಿಯಾಯಿತು.

'ಕಳೆದ ವಾರ ಒಂದು ಗಂಟೆಯಾದ್ರೂ ಕೆಲಸ ಮಾಡಿದ್ದೀರಾ ಸಾರ್?'

'ಇಲ್ಲ.'

'ಕಳೆದ ನಾಲ್ಕು ವಾರದಲ್ಲಿ ಕೆಲಸ ಹುಡುಕಿದ್ದೀರಾ?'

ಈ ಪ್ರಶ್ನೆಯ ಬೆಲೆ ನನಗಿಂತ ಚೆನ್ನಾಗಿ ಈ ಊರಿನಲ್ಲಿ ಯಾರಿಗೆ ಗೊತ್ತು? ಹೌದು ಎಂದಿದ್ದರೆ ನಿನ್ನ ಚಾರ್ಟಿನ ಕಂಬ ಒಂದು ಕೂದಲೆಳೆಯಷ್ಟು ಏರುತ್ತಿತ್ತು. ಆದರೆ ನಾನು ಹುಡುಕಿರಲಿಲ್ಲ. ಬೆಳಿಗ್ಗೆ ಏಳುತ್ತೇನೆ, ಸೈಕಲ್ ಅಂಗಡಿಯವನು ಗಾಳಿ ಹಾಕುವ ಸದ್ದು ಕೇಳುತ್ತಾ ಕೂರುತ್ತೇನೆ, ಸಂಜೆಯಾಗುತ್ತದೆ. ನಿದ್ದೆ ಚೆನ್ನಾಗಿ ಬರುತ್ತದೆ. ಅದೇ ಭಯ.

'ಇಲ್ಲ' ಎಂದೆ.

'ಸರಿ ಸಾರ್, ಹಾಗಾದ್ರೆ ಇನ್ನು ಪ್ರಶ್ನೆಗಳಿಲ್ಲ' ಎಂದು ಎದ್ದಳು. ನೀರು ಅರ್ಧ ಕುಡಿದಿದ್ದಳು. ಇನ್ನೂ ಸ್ವಲ್ಪ ಹೊತ್ತು ಕೂತಿರುತ್ತಾಳೆ ಎಂದುಕೊಂಡಿದ್ದೆ.

ನೀನು ಬಾ ಎಂದು ಕರೆದಿದ್ದೀಯ. ಬರಿಗೈಯಲ್ಲಿ ಆ ಮೆಟ್ಟಿಲು ಹತ್ತಲಾರೆ. ನೀನು ಸಂಬಳ ತರುವುದು, ನಾನು ಅಜ್ಜಿಯ ನಲ್ಲಿ ರಿಪೇರಿ ಮಾಡುವುದು, ಹೇಳು, ಎಷ್ಟು ದಿನ ನಗುತ್ತೀಯ? ಸ್ವಲ್ಪ ದಿನ ಹೀಗೇ ಇರುತ್ತೇನೆ. ನೀನು ಕಾಯಬೇಡ ಎನ್ನಲಾರೆ, ಕಾಯಿ ಎನ್ನಲೂ ಆರೆ.

ನಿನ್ನವನು


ಆಗಸ್ಟ್ ೨೦

ರೀ,

ನಿಮ್ಮ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ದಶಮಾಂಶ ಮೇಡಂ ಬಂದು ನಿಂತರು. ಏನೂ ಕೇಳದೆ ಪೆಪ್ಪರ್‌ಮಿಂಟ್ ಇಟ್ಟರು. ನಾನು ರಜೆ ಬೇಕು ಎಂದೆ. 'ರಾಜೀನಾಮೆನಾ, ರಜೆನಾ, ಸರಿಯಾಗಿ ಹೇಳು' ಎಂದರು. 'ರಜೆ ಮೇಡಂ, ನೌಕರಿ ಬಿಟ್ಟರೆ ಇಬ್ಬರಿಗೂ ಗತಿಯಿಲ್ಲ' ಎಂದೆ. 'ಬುದ್ಧಿ ಬಂತಲ್ಲ. ಹೋಗಿ ಬಾ' ಎಂದರು.

ಶನಿವಾರದ ರೈಲಿಗೆ ಹೊರಡುತ್ತೇನೆ. ಭಾನುವಾರ ಬೆಳಿಗ್ಗೆ ಅಲ್ಲಿರುತ್ತೇನೆ. ನಿಮ್ಮನ್ನು ಕರೆದುಕೊಂಡು ಬರಲು ಅಲ್ಲ, ಬೈಯಲೂ ಅಲ್ಲ. ಎಷ್ಟು ದಿನ ನಗುತ್ತೀಯ ಎಂದು ಕೇಳಿದ್ದೀರಿ. ಪ್ರಾಮಾಣಿಕವಾಗಿ ಹೇಳುತ್ತೇನೆ, ಗೊತ್ತಿಲ್ಲ. ಒಂದು ದಿನ ಜಗಳವೂ ಆಗಬಹುದು, ನಲ್ಲಿಯ ವಿಷಯಕ್ಕೇ ಆಗಬಹುದು. ಎದುರಿಗೆ ಕೂತು ಆಡುವ ಜಗಳ ಹೇಗಿರುತ್ತದೆ ಎಂದು ನಮ್ಮಿಬ್ಬರಿಗೂ ಇನ್ನೂ ಗೊತ್ತೇ ಇಲ್ಲ.

ಆ ಹುಡುಗಿಗೆ ಪ್ರಶ್ನೆಗಳು ಮುಗಿದಿರಬಹುದು. ಅವಳ ತಪ್ಪಲ್ಲ, ಅವಳಿಗೆ ಕೊಟ್ಟದ್ದೇ ಅಷ್ಟು. ನನ್ನ ಹತ್ತಿರ ಇನ್ನೂ ಇವೆ. ಮಧ್ಯಾಹ್ನ ಅಡುಗೆ ಮಾಡಿಕೊಳ್ಳುತ್ತೀರಾ, ಇಲ್ಲ ಹಾಗೇ ಮಲಗುತ್ತೀರಾ? ಕೊನೆಯ ಸಲ ಯಾರ ಹತ್ತಿರ ಮಾತಾಡಿದಿರಿ? ಗಡ್ಡ ಬಿಟ್ಟಿದ್ದೀರಾ? ಕಿಟಕಿ ತೆರೆಯುತ್ತೀರಾ? ನಾನು ಕೇಳುತ್ತಾ ಹೋಗುತ್ತೇನೆ. ಒಂದೊಂದಕ್ಕೂ ನೀವು 'ಇಲ್ಲ' ಎಂದರೂ ನಾನು ಎದ್ದು ಹೋಗುವುದಿಲ್ಲ. ಕೊಟ್ಟ ನೀರನ್ನು ಪೂರ್ತಿ ಕುಡಿದು, ಇನ್ನೊಂದು ಲೋಟ ಕೇಳುತ್ತೇನೆ.

ಸ್ಟೇಷನ್ನಿಗೆ ಬರಬೇಡಿ. ಮನೆಯಲ್ಲಿರಿ, ಅಷ್ಟು ಸಾಕು.

ನಿಮ್ಮವಳು